ಗೋಪಾಲಮ್ಮನ ಅಂಗುಳಿನ ಕೆಂಪು

೨೦೨೪, ಜೂನ್ ೧೧, ಮಂಗಳವಾರ. ಬೆಳಗಿನಿಂದ ಮೋಡ ಕವಿದಿತ್ತು. ಹತ್ತರ ಸುಮಾರಿಗೆ ಜಿನುಗತೊಡಗಿದ ಮಳೆ ಜಕ್ಕೂರಿನ ಹಳೆಯ ಊರಿನ ಓಣಿಗಳನ್ನು ಕೆಸರು ಮಾಡುವಷ್ಟು ಮಾತ್ರ ಬಂದು ನಿಂತಿತು. ಗಾಳಿ ಸಂಜೆಯವರೆಗೂ ಬಿಡಲಿಲ್ಲ.

ಆ ದಿನ ಮಧ್ಯಾಹ್ನ ಯಲಹಂಕದ ಒಂದು ಸಣ್ಣ ದಂತ ಚಿಕಿತ್ಸಾಲಯದ ಒರಗು ಕುರ್ಚಿಯಲ್ಲಿ ಗೋಪಾಲಮ್ಮ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಕುಳಿತಿದ್ದಳು. ವಯಸ್ಸು ಅರವತ್ತೇಳು. ಅವಳನ್ನು ಕರೆತಂದಿದ್ದ ಸೊಸೆ ಸರಳಾ ಗೋಡೆಗೆ ಒರಗಿ ನಿಂತಿದ್ದಳು. ಡಾಕ್ಟರ್ ಫಾಯಿಜಾ ಕೈಗವಸು ತೊಟ್ಟುಕೊಂಡು, "ಅಮ್ಮ, ಮೇಲಿನ ಸೆಟ್ ತೆಗೀರಿ, ನೋಡೋಣ" ಎಂದರು.

ಗೋಪಾಲಮ್ಮ ಸೊಸೆಯ ಕಡೆಗೆ ನೋಡಿದಳು. "ಸರಳಾ, ನೀನು ಆಚೆ ಓಗಿ ಕೂತ್ಕೊಳವ್ವ."

"ನಾನ್ ಇದ್ರೇನತ್ತೆ? ನಾನೇನು ಹೊಸಬ್ಳಾ?"

"ಕೂತ್ಕೋ ಓಗು ಅಂದೆ."

ಸರಳಾ ಹೊರಗೆ ಹೋದ ಮೇಲೆಯೇ ಹಲ್ಲು ಹೊರಗೆ ಬಂದದ್ದು. ಬಂದ ಕೂಡಲೇ ಕೆನ್ನೆಗಳು ಒಳಗೆ ಸೇರಿ, ತುಟಿಗಳು ಮಡಿಚಿಕೊಂಡವು. ಡಾಕ್ಟರು ದೀಪ ಹತ್ತಿರಕ್ಕೆ ಎಳೆದುಕೊಂಡು ಅಂಗುಳನ್ನು ಬಹಳ ಹೊತ್ತು ನೋಡಿದರು. ಆಮೇಲೆ ಒಂದು ಸಣ್ಣ ಕನ್ನಡಿಯನ್ನು ಗೋಪಾಲಮ್ಮನ ಕೈಗೆ ಕೊಟ್ಟು, ನೀವೇ ನೋಡಿ ಎಂದರು. ಬಾಯೊಳಗಿನ ಮೇಲ್ಭಾಗವೆಲ್ಲ ಕೆಂಪಾಗಿತ್ತು. ಬಟ್ಟೆಯ ಮೇಲೆ ಬಿಸಿ ಇಸ್ತ್ರಿಪೆಟ್ಟಿಗೆಯನ್ನು ಮರೆತಿಟ್ಟರೆ ಬೀಳುವ ಗುರುತಿನ ಹಾಗೆ, ಸೆಟ್ಟಿನ ಅಂಚು ಎಲ್ಲಿಗೆ ಮುಗಿಯುತ್ತದೋ ಅಲ್ಲಿಗೇ ಕೆಂಪೂ ಮುಗಿದಿತ್ತು. ತುಟಿಯ ಎರಡೂ ಮೂಲೆಗಳು ಸೀಳಿದ್ದವು.

ಗೋಪಾಲಮ್ಮ ಕನ್ನಡಿಯನ್ನು ಹಿಂದಕ್ಕೆ ಕೊಟ್ಟಳು. ಅವಳ ಅಕ್ಕ ಅಕ್ಕಯ್ಯಮ್ಮನಿಗೂ ಮೊದಲು ಕಂಡದ್ದು ಕೆಂಪೇ. ಎಲೆ ಅಡಿಕೆಯ ಜೊತೆಗೆ ಹೊಗೆಸೊಪ್ಪು ಹಾಕುತ್ತಿದ್ದ ಅಕ್ಕ, ಕೆನ್ನೆಯೊಳಗೆ ಉರಿ ಎಂದು ಒಂದು ವರ್ಷ ಜೇನುತುಪ್ಪ ಸವರಿಕೊಂಡು ಕಳೆದಳು. ಆಸ್ಪತ್ರೆಗೆ ಹೋದಾಗ ಅದು ದವಡೆಗೆ ಇಳಿದಿತ್ತು. ಕೊನೆಯ ದಿನಗಳಲ್ಲಿ ಶೆಟ್ಟಿಹಳ್ಳಿಯ ತವರುಮನೆಯ ನಡುಮನೆಯಲ್ಲಿ ಮಲಗಿದ್ದ ಅವಳಿಗೆ ಚಮಚದಲ್ಲಿ ಗಂಜಿ ಹಾಕಿದ್ದು ಗೋಪಾಲಮ್ಮನೇ. ಅಕ್ಕನ ಸಂಚಿಯಿಂದಲೇ ಹೊಗೆಸೊಪ್ಪು ಮುರಿದು ಹಾಕಿಕೊಳ್ಳುತ್ತಿದ್ದವಳೂ ಅವಳೇ. ನಾಲ್ಕು ವರ್ಷದ ಹಿಂದೆ ಅಲುಗಾಡುತ್ತಿದ್ದ ಹಲ್ಲುಗಳನ್ನೆಲ್ಲ ಕೀಳಿಸಿ ಸೆಟ್ಟು ಕಟ್ಟಿಸಿದಾಗ ಆ ಚಟ ಬಿಟ್ಟಿತ್ತು; ಭಯ ಬಿಟ್ಟಿರಲಿಲ್ಲ. ಯುಗಾದಿಯ ಮಾರನೆಯ ದಿನ ಬಿಸಿ ಸಾರು ಬಾಯಿಗೆ ತಾಗಿ ಚುರ್ ಎಂದಾಗಿನಿಂದ ಅದು ಅವಳ ಜೊತೆಗೇ ಏಳುತ್ತಿತ್ತು, ಜೊತೆಗೇ ಮಲಗುತ್ತಿತ್ತು. ಆ ಎರಡು ತಿಂಗಳು ಅವಳೂ ಜೇನುತುಪ್ಪವನ್ನೇ ಸವರಿದ್ದಳು.

"ಇದು ಸಾಮಾನ್ಯವಾಗಿ ಸೆಟ್ ಹಾಕೋರಿಗೆ ಬರೋ ಊತ ಅಮ್ಮ" ಎಂದರು ಡಾಕ್ಟರು. "ಉಪ್ಪಿನಕಾಯಿ ಜಾಡೀಲಿ ನೀರು ಸೋಕಿದ್ರೆ ಬೂಷ್ಟು ಬರಲ್ವಾ? ಅಂಥದೇ. ಸೆಟ್ ಕೆಳಗೆ ಗಾಳಿ ಆಡಲ್ಲ, ಎಂಜಲು ಹರಿಯಲ್ಲ. ಬೂಷ್ಟು ಅಲ್ಲೇ ಮನೆ ಮಾಡ್ಕೊಳ್ಳುತ್ತೆ. ಸೆಟ್ಟನ್ನ ಹೇಗೆ ತೊಳೀತೀರಿ?"

ಈ ಪ್ರಶ್ನೆಗೆ ಗೋಪಾಲಮ್ಮನಲ್ಲಿ ಧೈರ್ಯದ ಉತ್ತರವಿತ್ತು. "ದಿನಾ ಪಾತ್ರೆ ಪುಡಿ ಆಕಿ ತೆಂಗಿನ ನಾರಲ್ಲಿ ಗಸಗಸ ಉಜ್ತೀನಿ. ಶುಕ್ರವಾರ ದೀಪದ ಕಂಬ ಬೆಳಗ್ತೀನಲ್ಲ, ಅವತ್ತು ಇದಕ್ಕೂ ಉಣಸೇಹಣ್ಣು. ನಮ್ಮ ಬೀದೀಲಿ ನನ್ನ ಸೆಟ್ಟಿನಷ್ಟು ಚೊಕ್ಕಟವಾಗಿರೋದು ಯಾರ್ದೂ ಇಲ್ಲ."

ಡಾಕ್ಟರು ನಗಲಿಲ್ಲ. ಸೆಟ್ಟನ್ನು ದೀಪದ ಕೆಳಗೆ ಓರೆಯಾಗಿ ಹಿಡಿದು ತೋರಿಸಿದರು. ಅಂಗುಳಿಗೆ ಅಂಟುವ ಗುಲಾಬಿ ಭಾಗದ ತುಂಬ ಕೂದಲೆಳೆಯಂಥ ಗೀರುಗಳು. "ಹಿತ್ತಾಳೆಯಾದ್ರೆ ಹೊಳೆಯುತ್ತೆ. ಇದು ಪ್ಲಾಸ್ಟಿಕ್ ಅಮ್ಮ, ಗೀರು ಬೀಳುತ್ತೆ. ಒಂದೊಂದು ಗೀರೊಳಗೂ ಬೂಷ್ಟು ಕೂತಿದೆ. ಬಾಯಿಗೆ ಎಷ್ಟು ಮದ್ದು ಹಾಕಿದ್ರೂ ಸೆಟ್ಟಿಂದ ಮತ್ತೆ ಅಂಟ್ಕೊಳ್ಳುತ್ತೆ. ಎರಡನ್ನೂ ಸರಿ ಮಾಡ್ಬೇಕು."

ಮೆತ್ತನೆಯ ಬ್ರಷ್ಷು, ಮೈಗೆ ಹಚ್ಚುವ ಸಾಧಾರಣ ಸೋಪು. ಕೈಜಾರಿದರೆ ಒಡೆಯದಂತೆ ಕೆಳಗೆ ನೀರು ತುಂಬಿದ ಬೋಗುಣಿ. ಕುದಿಯುವ ನೀರು ಕೂಡದು, ಸೆಟ್ಟು ಸೊಟ್ಟಗಾಗುತ್ತದೆ. ಊಟವಾದ ಮೇಲೆ ತೆಗೆದು ಬಾಯಿ ಮುಕ್ಕಳಿಸಬೇಕು. ಒದ್ದೆ ಬಟ್ಟೆಯನ್ನು ಬೆರಳಿಗೆ ಸುತ್ತಿ ಅಂಗುಳು, ವಸಡು, ನಾಲಗೆಗಳನ್ನು ಮೃದುವಾಗಿ ಒರೆಸಬೇಕು. ಅಂಗುಳಿಗೆ ಸವರಲು ಒಂದು ಮದ್ದು, ತುಟಿಯ ಮೂಲೆಗೆ ಒಂದು ಮುಲಾಮು, ಸೆಟ್ಟನ್ನು ನೆನೆಹಾಕುವ ನೀರಿಗೆ ಹಾಕಲು ಮಾತ್ರೆ. ಸಕ್ಕರೆ ಕಾಯಿಲೆ ಇದೆಯೇ ಎಂದು ತಿಳಿಯಲು ರಕ್ತ ಪರೀಕ್ಷೆ. ಇಷ್ಟನ್ನೂ ಹೇಳಿ ಮುಗಿಸಿ ಡಾಕ್ಟರು ಕೇಳಿದರು: "ರಾತ್ರಿ ಮಲಗೋವಾಗ ಸೆಟ್ ತೆಗೆದಿಡ್ತೀರಲ್ವಾ?"

"ಊಂ" ಎಂದಳು ಗೋಪಾಲಮ್ಮ.

ಅದು ಸುಳ್ಳಾಗಿತ್ತು. ನಾಲ್ಕು ವರ್ಷಗಳಲ್ಲಿ ಒಂದು ರಾತ್ರಿಯೂ ಅವಳು ಹಲ್ಲು ತೆಗೆದು ಮಲಗಿರಲಿಲ್ಲ. ಕಾರಣ ಅವಳ ಗಂಡ.

ಮುನಿಆಂಜಿನಪ್ಪ ಯಶವಂತಪುರದ ಕಡೆಯ ಒಂದು ಕಾರ್ಖಾನೆಯಲ್ಲಿ, ತಗಡು ಒತ್ತುವ ದೊಡ್ಡ ಯಂತ್ರಗಳ ನಡುವೆ, ಮೂವತ್ತು ವರ್ಷ ದುಡಿದವನು. ನಿವೃತ್ತಿಯ ಹೊತ್ತಿಗೆ ಅವನ ಎರಡೂ ಕಿವಿಗಳು ಹೋಗಿದ್ದವು. ಮಗ ಮುನೇಶ ಕೊಡಿಸಿದ ಶ್ರವಣಯಂತ್ರ ಶಿಳ್ಳೆ ಹೊಡೆಯುತ್ತದೆಂದು ಪೆಟ್ಟಿಗೆ ಸೇರಿತ್ತು. ಊರಿನವರೊಡನೆ ಅವನ ಮಾತು ಹೂಂ, ಊಹೂಂಗಳಲ್ಲಿ ಮುಗಿಯುತ್ತಿತ್ತು. ಹೆಂಡತಿಯೊಬ್ಬಳ ತುಟಿಯನ್ನು ಮಾತ್ರ ಅವನು ತಪ್ಪಿಲ್ಲದೆ ಓದಬಲ್ಲವನಾಗಿದ್ದ. ಅವಳು ಬಾಯಿ ತೆರೆದರೆ ಸಾಕು, ದನಿಯ ಗೊಡವೆಯಿಲ್ಲದೆ ಮಾತು ಅವನನ್ನು ಮುಟ್ಟುತ್ತಿತ್ತು. ಬೇರೆ ಯಾರೇ ಏನೇ ಹೇಳಲಿ, ಅವನು ತಿರುಗಿ ಅವಳ ಮುಖ ನೋಡುತ್ತಿದ್ದ. ಅವಳು ಅದನ್ನೇ ಮತ್ತೊಮ್ಮೆ ಹೇಳುತ್ತಿದ್ದಳು.

ಹಲ್ಲು ಕೀಳಿಸಿದ ಮೇಲೆ ವಸಡು ಮಾಯಲೆಂದು ಮೂರು ತಿಂಗಳು ಬೋಳು ಬಾಯಲ್ಲಿ ಇರಬೇಕಾಯಿತು. ಒಳಗೆ ಮಡಿಚಿಕೊಂಡ ತುಟಿಗಳಿಂದ ಮುನಿಆಂಜಿನಪ್ಪನಿಗೆ ಒಂದು ಮಾತೂ ದಕ್ಕಲಿಲ್ಲ. ಮೊದಮೊದಲು ಕಣ್ಣು ಕಿರಿದು ಮಾಡಿ ನೋಡಿದ. ಆಮೇಲೆ ಕೇಳುವುದನ್ನೇ ಬಿಟ್ಟ. ಜಗಲಿಯ ಮೇಲೆ ಬೀದಿಗೆ ಮುಖ ಮಾಡಿ ಕುಳಿತರೆ ಊಟಕ್ಕೆ ಭುಜ ಮುಟ್ಟಿ ಕರೆಯಬೇಕಾಗುತ್ತಿತ್ತು. ತಾನು ಆ ಮನೆಯಲ್ಲಿ ಇದ್ದೂ ಇಲ್ಲದವಳಾದೆ ಎಂದು ಗೋಪಾಲಮ್ಮನಿಗೆ ಅನ್ನಿಸಿದ್ದು ಆಗ. ಕೆರೆಯ ಕೆಳಗಿನ ಎರಡು ಗುಂಟೆಯಲ್ಲಿ ದಂಟು, ಕೊತ್ತಂಬರಿ ಬೆಳೆದು ಯಲಹಂಕದ ಸಂತೆಗೆ ಹೊತ್ತವಳು ಅವಳು; ಆ ಜಮೀನು ಹೋಗಿ ಅಲ್ಲಿ ಅಪಾರ್ಟ್‌ಮೆಂಟು ಎದ್ದ ಮೇಲೂ ಅದರ ಗೇಟಿನ ಎದುರೇ ಬುಟ್ಟಿ ಇಟ್ಟು ಸೊಪ್ಪು ಮಾರಿದವಳು. ಇವುಗಳಲ್ಲಿ ಯಾವುದೂ ಅವಳನ್ನು ಆ ಮೂರು ತಿಂಗಳಷ್ಟು ಕುಗ್ಗಿಸಿರಲಿಲ್ಲ. ಸೆಟ್ಟು ಬಂದ ದಿನ, ಮನೆಯ ಬಾಗಿಲಲ್ಲಿ ನಿಂತು "ಕಾಫಿ ಕುಡಿತೀರಾ?" ಎಂದಾಗ ಗಂಡ, "ಸಕ್ರೆ ಕಮ್ಮಿ ಆಕು" ಎಂದಿದ್ದ. ಅಂದಿನಿಂದ ಹಲ್ಲು ತೊಳೆಯುವ ಹೊತ್ತಿನಷ್ಟು ಮಾತ್ರ ಹೊರಗೆ ಬರುತ್ತಿತ್ತು. ಅದೂ ಬಚ್ಚಲ ಬಾಗಿಲು ಹಾಕಿಕೊಂಡು.

ರಾತ್ರಿಯಾದರೂ ತೆಗೆಯಬಹುದಿತ್ತಲ್ಲ ಎಂದರೆ, ರಾತ್ರಿಯೇ ಹೆಚ್ಚು ಕಷ್ಟ. ಕಾವೇರಿ ನೀರು ಅವರ ಬೀದಿಗೆ ಯಾವ ಹೊತ್ತಿಗೆ ಬರುತ್ತದೆಂದು ಹೇಳುವಂತಿಲ್ಲ. ನೆಲದೊಳಗಿನ ಸಂಪ್‌ಗೆ ನೀರು ಬೀಳುವ ಸದ್ದು ಮುನಿಆಂಜಿನಪ್ಪನಿಗೆ ಕೇಳುವುದಿಲ್ಲ; ಬಾಗಿಲು ಬಡಿದರೂ ಕೇಳುವುದಿಲ್ಲ. ಕೇಳದವನ ರಾತ್ರಿಗೆ ಅನುಮಾನ ಹೆಚ್ಚು. ಎರಡು ಮೂರು ಸಲ ಎದ್ದು ದೀಪ ಹಾಕಿ, "ನೀರು ಬಂತಾ? ಬಾಗ್ಲು ಆಕಿದ್ಯಾ? ಯಾರೋ ಕೂಗಿದ್ರಾ?" ಎಂದು ಕೇಳಿ, ಹೆಂಡತಿಯ ಬಾಯಿ ನೋಡಿ, ಸಮಾಧಾನವಾಗಿ ಮಲಗುವನು. ಆ ಉತ್ತರ ಕೊಡಲಿಕ್ಕೆ ಅವಳ ಬಾಯಲ್ಲಿ ಹಲ್ಲಿರಬೇಕಿತ್ತು.

ಇದನ್ನೆಲ್ಲ ಮಗಳ ವಯಸ್ಸಿನ ಡಾಕ್ಟರಿಗೆ ಹೇಗೆ ಹೇಳುವುದು? ಊಂ ಎಂದು ಬಂದಿದ್ದಳು.

ಉಳಿದ ಎಲ್ಲವನ್ನೂ ಗೋಪಾಲಮ್ಮ ಶಿಸ್ತಿನಿಂದ ಮಾಡಿದಳು. ಪಾತ್ರೆ ಪುಡಿ, ನಾರು ಬಚ್ಚಲಿನಿಂದ ಅಡುಗೆಮನೆಗೆ ಹಿಂತಿರುಗಿದವು. ಹಸುಗೂಸಿನ ತಲೆ ತೊಳೆಯುವಷ್ಟು ಮೃದುವಾಗಿ ಸೆಟ್ಟನ್ನು ತೊಳೆದಳು. ಹಗಲು ಮೂರು ಸಲ ಮದ್ದು ಸವರಿದಳು. ಮಾತ್ರೆಯ ನೀರಿನಲ್ಲಿ ನೆನೆಹಾಕುವುದು ಮಾತ್ರ ಬೆಳಿಗ್ಗೆ ಸ್ನಾನ ಮಾಡುವಷ್ಟು ಹೊತ್ತು. ರಕ್ತ ಪರೀಕ್ಷೆಯಲ್ಲಿ ಸಕ್ಕರೆ ತುಸು ಮೇಲಿತ್ತು. ಕಾಯಿಲೆ ಎನ್ನುವಷ್ಟು ಇರಲಿಲ್ಲ. ರಾತ್ರಿ ಊಟವಾದ ಮೇಲೆ ಮದ್ದು ಸವರಿ, ಅದರ ಮೇಲೆಯೇ ಮತ್ತೆ ಸೆಟ್ಟು ಕೂರಿಸಿ, ದೇವರ ಗೂಡಿಗೆ ಕೈಮುಗಿದು ಮಲಗುವಳು. ಬೆಳಿಗ್ಗೆ ಸರಳಾಳ ಮೊಬೈಲಿನ ಬೆಳಕಿನಲ್ಲಿ ಬಚ್ಚಲ ಕನ್ನಡಿಯ ಮುಂದೆ ಬಾಯಿ ತೆರೆದರೆ ಕೆಂಪು ಹಾಗೆಯೇ ಇರುತ್ತಿತ್ತು. ಒಂದೊಂದು ದಿನ ಹೆಚ್ಚಾದಂತೆಯೂ ತೋರುತ್ತಿತ್ತು.

ಎರಡು ವಾರದ ನಂತರ ಡಾಕ್ಟರ್ ಫಾಯಿಜಾ ಮತ್ತೆ ನೋಡಿದರು. ಈ ಸಲ ಅವರ ಹುಬ್ಬು ಗಂಟಿಕ್ಕಿತು. "ಮದ್ದು ಸರಿಯಾಗಿ ಹಾಕಿದ್ರಾ?"

"ಆಕಿದೆ. ಶೀಸೆ ಖಾಲಿ ಆಯ್ತು, ನೋಡಿ."

"ರಾತ್ರಿ ಸೆಟ್ ತೆಗೆದಿಡ್ತಿದ್ದೀರಿ."

"ಊಂ."

"ಹಾಗಾದ್ರೆ ಇಷ್ಟೊತ್ತಿಗೆ ಕಡಿಮೆ ಆಗ್ಬೇಕಿತ್ತಲ್ಲ" ಎಂದು ಡಾಕ್ಟರು ತಮ್ಮಷ್ಟಕ್ಕೆ ಎಂಬಂತೆ ಹೇಳಿಕೊಂಡರು. ಕೈಗವಸು ಕಳಚಿ, ಸರಳಾಳನ್ನೂ ಒಳಗೆ ಕರೆದರು. "ನೋಡಿ, ಹೆದರಿಸ್ತಿಲ್ಲ. ಸೆಟ್ ಸ್ವಚ್ಛವಾಗಿದೆ, ಮದ್ದು ಹಾಕಿದ್ದಾರೆ, ರಾತ್ರಿ ಬಾಯಿಗೆ ಬಿಡುವೂ ಸಿಕ್ಕಿದೆ. ಆದ್ರೂ ಕೆಂಪು ಹೋಗಿಲ್ಲ. ಮೊದ್ಲು ಹೊಗೆಸೊಪ್ಪು ಹಾಕ್ತಿದ್ರು ಬೇರೆ. ಅದಕ್ಕೇ ದೊಡ್ಡಾಸ್ಪತ್ರೇಲಿ ಒಂದು ಚೂರು ಮಾಂಸ ತೆಗೆದು ಪರೀಕ್ಷೆ ಮಾಡಿಸಿಬಿಡೋಣ. ಏನೂ ಇಲ್ಲ ಅಂತ ಖಾತ್ರಿ ಆಗುತ್ತೆ."

ಒಂದು ಚೂರು ಮಾಂಸ. ಅಕ್ಕಯ್ಯಮ್ಮನಿಗೂ ಮೊದಲು ತೆಗೆದದ್ದು ಒಂದೇ ಚೂರು.

ಮುಂದಿನ ಸೋಮವಾರ ಹೆಬ್ಬಾಳದ ಆಚೆಯ ಆಸ್ಪತ್ರೆಯಲ್ಲಿ ಸಮಯ ಸಿಕ್ಕಿತು. ನಡುವಿನ ದಿನಗಳಲ್ಲಿ ಗೋಪಾಲಮ್ಮ ಯಾರಿಗೂ ಏನೂ ಹೇಳಲಿಲ್ಲ. ಹಲ್ಲಿನ ವಿಷಯಕ್ಕೆ ಓಡಾಟ ಎಂದಷ್ಟೇ ಗಂಡನಿಗೆ ಗೊತ್ತಿತ್ತು. ಅವಳು ಮನೆಯ ಮೂಲೆಮೂಲೆಯನ್ನೂ ಗುಡಿಸಿದಳು. ಅಟ್ಟದಿಂದ ಅಕ್ಕನ ಹಸಿರು ಸೀರೆ ತೆಗೆದು ಒಗೆದು ಮತ್ತೆ ಮಡಿಚಿಟ್ಟಳು. ದಂಟಿನ ಬೀಜ ಯಾವ ಡಬ್ಬದಲ್ಲಿದೆ, ಚೀಟಿಯ ಹಣ ಯಾರು ಕೊಡಬೇಕು ಎಂದು ಸರಳಾ ಕೇಳದೆಯೇ ಅವಳಿಗೆ ಹೇಳಿದಳು.

"ಅತ್ತೆ, ಯಾತ್ರೆಗೆ ಹೊರಟಿರೋ ಹಂಗೆ ಮಾತಾಡ್ಬೇಡಿ. ಒಂದು ಟೆಸ್ಟ್ ಅಷ್ಟೇ."

"ಟೆಸ್ಟೇ ಕಣವ್ವ. ನಾನೇನಂದೆ?"

ರಾತ್ರಿಗಳಲ್ಲಿ ಅವಳ ನಿದ್ದೆ ಹೋಗಿತ್ತು. ಮುನಿಆಂಜಿನಪ್ಪ ಎದ್ದು ಕೇಳುವ ಮೊದಲೇ ಅವಳು ಎದ್ದಿರುತ್ತಿದ್ದಳು. ಹಲ್ಲು ತೆಗೆಯದಿದ್ದದ್ದೇ ಇದಕ್ಕೆಲ್ಲ ಕಾರಣವಿರಬಹುದೇ ಎಂಬ ಅನುಮಾನ ಅವಳಿಗೂ ಬಂದಿತ್ತು. ಆದರೆ ಹಾಗೆಂದು ಈಗ ಹೇಳಿದರೆ ಎರಡೆರಡು ಸಲ ಸುಳ್ಳು ಹೇಳಿದವಳಾಗುತ್ತೇನೆ. ಹೇಳಿದ ಮೇಲೆ ರಾತ್ರಿ ತೆಗೆಯಲೇಬೇಕಾಗುತ್ತದೆ. ತೆಗೆದರೆ ಗಂಡ ಮತ್ತೆ ಜಗಲಿಗೆ ಹೋಗಿ ಬೀದಿಗೆ ಮುಖ ಮಾಡಿ ಕೂರುತ್ತಾನೆ. ಈ ಮೂರೂ ಒಂದರ ಬೆನ್ನಿಗೆ ಒಂದು ಬಂದು, ಅವಳು ಮಗ್ಗುಲು ಬದಲಿಸುತ್ತಿದ್ದಳು.

ಸೋಮವಾರ ಬೆಳಿಗ್ಗೆ ಆಟೋದಲ್ಲಿ ಹೊರಟರು. ಹೆಬ್ಬಾಳದ ಮೇಲ್ಸೇತುವೆಯ ಹತ್ತಿರ ಬರುವಷ್ಟರಲ್ಲಿ ವಾಹನಗಳು ಅಲುಗಾಡದೆ ನಿಂತವು. ಚಾಲಕ ಎಂಜಿನ್ ಆರಿಸಿ ಹಿಂದಕ್ಕೆ ತಿರುಗಿದ. "ಇನ್ನು ಅರ್ಧ ಗಂಟೆ ಮರೆತ್ಬಿಡಿ ಮೇಡಂ. ಆಸ್ಪತ್ರೆಗಾ? ಯಾರಿಗೆ?"

"ನಮ್ಮತ್ತೆಗೆ."

"ಗಟ್ಟಿಯಾಗಿದ್ದಾರಲ್ಲ ಅಜ್ಜಿ. ನೋಡಿ, ಹಲ್ಲೆಲ್ಲ ಹೆಂಗಿದೆ ಇನ್ನೂ. ನಂಗೆ ನಲವತ್ತಕ್ಕೇ ಎರಡು ಹೋಯ್ತು."

ಸರಳಾ ಫಕ್ಕನೆ ನಕ್ಕಳು. ಗೋಪಾಲಮ್ಮ ನಗಲಿಲ್ಲ. ಅವಳ ಕೈ ಸೊಸೆಯ ಮೊಣಕೈಯನ್ನು ಬಿಗಿಯಾಗಿ ಹಿಡಿಯಿತು. "ಸರಳಾ, ನಾನು ರಾತ್ರಿ ತೆಗೀತಿರ್ಲಿಲ್ಲ."

"ಏನು ತೆಗೀತಿರ್ಲಿಲ್ಲ?"

"ಇದನ್ನ. ಸೆಟ್ಟನ್ನ. ಒಂದ್ ದಿನಾನೂ ತೆಗೆದಿಲ್ಲ."

ಸರಳಾ ಅತ್ತೆಯ ಕಡೆಗೆ ತಿರುಗಿದಳು. ನಿಧಾನವಾಗಿ, "ಡಾಕ್ಟ್ರು ಎರಡು ಸಲ ಕೇಳಿದ್ರಲ್ಲ ಅತ್ತೆ" ಎಂದಳು.

"ಕೇಳಿದ್ರು."

"ಊಂ ಅಂದ್ರಿ."

"ಅಂದೆ. ರಾತ್ರಿ ನಿಮ್ಮಾವ ಎದ್ದೆದ್ದು ಕೇಳ್ತಾರೆ. ಬಾಯಲ್ಲಿ ಅಲ್ಲು ಇಲ್ದೆ ನಾನು ಏನಂದ್ರೂ ಅವರಿಗೆ ತಿಳಿಯಾಕಿಲ್ಲ. ಆ ಮೂರು ತಿಂಗಳು ನೋಡಿದ್ಯಲ್ಲ ನೀನೂ."

ಸರಳಾ ಬೈಯಲಿಲ್ಲ. ಬೈಯುವಷ್ಟು ಸಿಟ್ಟು ಬಂದಿತ್ತು. ಆದರೆ ಅತ್ತೆಯ ಕೈ ಇನ್ನೂ ಮೊಣಕೈಯ ಮೇಲಿತ್ತು. ಅಲ್ಲಿಂದಲೇ ಯಲಹಂಕದ ಡಾಕ್ಟರಿಗೆ ಫೋನು ಮಾಡಿದಳು. ಆ ಕಡೆಯಿಂದ ಡಾಕ್ಟರ್ ಫಾಯಿಜಾ, "ಆಸ್ಪತ್ರೆಗೆ ಈಗಲೇ ಬೇಡ. ಇಲ್ಲಿಗೆ ಬನ್ನಿ. ಅವರ ಯಜಮಾನರನ್ನೂ ಕರ್ಕೊಂಡು ಬನ್ನಿ" ಎಂದರು.

"ಅಣ್ಣ, ಆಟೋ ತಿರುಗಿಸಿ. ವಾಪಸ್ ಜಕ್ಕೂರು, ಅಲ್ಲಿಂದ ಯಲಹಂಕ."

ಚಾಲಕ ಮುಂದೆ, ಹಿಂದೆ, ಎಡಕ್ಕೆ, ಬಲಕ್ಕೆ ನೋಡಿದ. "ತಿರುಗಿಸ್ಬೇಕು ಅಂದ್ರೆ ಮೇಲಿಂದ ಕ್ರೇನೇ ಬರ್ಬೇಕು ಮೇಡಂ. ಹೋಗ್ಲಿ ಬಿಡಿ, ಆಸ್ಪತ್ರೆ ತಪ್ತಲ್ಲ, ಅದೇ ಒಳ್ಳೇದು."

ಆಸ್ಪತ್ರೆ ತಪ್ಪಿಲ್ಲ, ಮುಂದಕ್ಕೆ ಹೋಗಿದೆ ಅಷ್ಟೇ ಎಂದು ಗೋಪಾಲಮ್ಮನಿಗೆ ಗೊತ್ತಿತ್ತು.

ಚಿಕಿತ್ಸಾಲಯದಲ್ಲಿ ಮುನಿಆಂಜಿನಪ್ಪ ಬಿಳಿ ಪಂಚೆ, ಅರ್ಧ ತೋಳಿನ ಅಂಗಿಯಲ್ಲಿ ಕುರ್ಚಿಯ ಅಂಚಿನಲ್ಲಿ ಕುಳಿತ. ಡಾಕ್ಟರು ಮುಖಗವಸು ಕೆಳಗಿಳಿಸಿ, ಅವನ ಎದುರು ಕುರ್ಚಿ ಎಳೆದುಕೊಂಡು, ಬಿಡಿಬಿಡಿಯಾಗಿ ಹೇಳಿದರು. ಬಾಯೊಳಗೆ ಊತ ಇದೆ. ದಿನದ ಇಪ್ಪತ್ತನಾಲ್ಕು ಗಂಟೆಯೂ ಸೆಟ್ಟು ಹಾಕಿರುವುದೇ ಅದಕ್ಕೆ ದೊಡ್ಡ ಕಾರಣವಿರಬಹುದು. ದಿನಕ್ಕೆ ಆರೇಳು ಗಂಟೆ ಅದು ಬಾಯಿಂದ ಹೊರಗೆ, ನೀರಿನಲ್ಲಿ ಇರಬೇಕು. ರಾತ್ರಿಯೇ ಆಗಬೇಕೆಂದಿಲ್ಲ, ಹಗಲಾದರೂ ನಡೆಯುತ್ತದೆ. ಎರಡು ವಾರ ಹೀಗೆ ಮಾಡಿ ನೋಡಿ, ಆಗಲೂ ಹೋಗದಿದ್ದರೆ ಪರೀಕ್ಷೆ ಮಾಡಿಸಲೇಬೇಕು. ಅರ್ಧಕ್ಕಿಂತ ಹೆಚ್ಚು ಅವನಿಗೆ ತಿಳಿಯಲಿಲ್ಲ. ಎಂದಿನಂತೆ ಹೆಂಡತಿಯ ಕಡೆಗೆ ತಿರುಗಿದ. ಅವಳು ಅದನ್ನೇ ತನ್ನ ಬಾಯಿಂದ ಹೇಳಬೇಕಾಯಿತು. ಕೊನೆಗೆ, "ರಾತ್ರಿ ನೀವು ಕೇಳ್ತೀರಲ್ಲ, ಅದಕ್ಕೇ ತೆಗೀಲಿಲ್ಲ" ಎಂದು ಸೇರಿಸಿದಳು.

ಕಿವಿ ಕೇಳದವರ ದನಿ ಅವರಿಗರಿವಿಲ್ಲದೆ ದೊಡ್ಡದಾಗುತ್ತದೆ. "ನನಗ್ಯಾಕ್ ಏಳ್ಲಿಲ್ಲ?" ಎಂದದ್ದು ಹೊರಗೆ ಕುಳಿತ ರೋಗಿಗಳಿಗೂ ಕೇಳಿಸಿತು.

"ಏಳಿದ್ರೆ ಮತ್ತೆ ಆಚೆ ತಿರುಕ್ಕೊಂಡು ಕೂತ್ಕೊಂತಿದ್ರಿ. ಮೊದ್ಲು ಕೂತಿರ್ಲಿಲ್ವಾ? ಮೂರು ತಿಂಗಳು ನನ್ನ ಮುಖ ನೋಡ್ಲಿಲ್ಲ ನೀವು."

ಮುನಿಆಂಜಿನಪ್ಪ ನೆಲ ನೋಡಿದ. "ನೋಡಿದ್ರೆ ನೀನು ಏನೋ ಏಳ್ತಿದ್ದೆ. ನಂಗೆ ತಿಳೀತಿರ್ಲಿಲ್ಲ. ತಿಳೀಲಿಲ್ಲ ಅಂದ್ರೆ ನೀನು ಅಳ್ತಿದ್ದೆ. ಕೇಳಿ ಅಳ್ಸೋದ್ಯಾಕೆ ಅಂತ ಕೇಳೋದೇ ಬಿಟ್ಟೆ."

ಅಳುತ್ತಿದ್ದದ್ದು ಗೋಪಾಲಮ್ಮನಿಗೆ ನೆನಪಿರಲಿಲ್ಲ. ಸರಳಾ ಮಾತ್ರ ಹೌದೆಂಬಂತೆ ಮೆಲ್ಲಗೆ ತಲೆಯಾಡಿಸಿದಳು.

ಡಾಕ್ಟರು ತಲೆ ತಗ್ಗಿಸಿ ಏನನ್ನೋ ಬರೆದುಕೊಳ್ಳುವವರಂತೆ ಕುಳಿತರು. ಮುನಿಆಂಜಿನಪ್ಪ ತಾನಾಗಿಯೇ ಮಾತೆತ್ತಿದ. "ಮಿಷನ್ ಓಡ್ತಿರುವಾಗ ನಮ್ಮ ಶೆಡ್ಡಲ್ಲಿ ಯಾರ ಮಾತು ಯಾರಿಗೆ ಕೇಳ್ತಿತ್ತು? ಎಲ್ಲಾ ಕೈಯಲ್ಲೇ. ಮುಷ್ಟಿ ಅಂದ್ರೆ ನಿಲ್ಸು. ಅಂಗೈ ತೋರಿಸಿದ್ರೆ ಎಲ್ಲಾ ಸರಿ ಐತೆ, ಓಡ್ಸು. ಎರಡು ಬೆರಳು ಅಂದ್ರೆ ಮೇಸ್ತ್ರಿ ಬಂದ. ರಾತ್ರಿ ನಾನು ಕೇಳೋದು ಏನು ಮಹಾ? ಬಂತಾ, ಬರ್ಲಿಲ್ವಾ. ಆಕಿದ್ಯಾ, ಇಲ್ವಾ. ಅದಕ್ಕೆ ಅಲ್ಲು ಯಾಕೆ ಬೇಕು?"

"ಇದನ್ನ ಇಷ್ಟು ವರ್ಷ ಮನೇಲಿ ಯಾಕ್ ತೋರಿಸ್ಲಿಲ್ಲ ಮಾವ?" ಎಂದಳು ಸರಳಾ. ಅವನು ಹೆಂಡತಿಯ ಮುಖ ನೋಡಿದ. ಅವಳು ಪ್ರಶ್ನೆಯನ್ನು ದಾಟಿಸಿದಳು.

"ಮನೇಲಿ ಇವಳ ಮಾತು ತಿಳೀತಿತ್ತಲ್ಲ. ಕಾರ್ಖಾನೇದು ಕಾರ್ಖಾನೇಲಿ ಬಿಟ್ಟೆ."

ಆ ರಾತ್ರಿ ಗೋಪಾಲಮ್ಮ ಹಲ್ಲನ್ನು ಮುಚ್ಚಳವಿರುವ ಡಬ್ಬಿಯ ನೀರಿನಲ್ಲಿ ಇಟ್ಟು ಬಂದು, ಸೆರಗಿನಿಂದ ಅರ್ಧ ಮುಖ ಮುಚ್ಚಿ ಮಲಗಿದಳು. ಗಂಡ ಎದ್ದು ದೀಪ ಹಾಕಿ, "ನೀರು?" ಎಂದಾಗ ಮುಷ್ಟಿ ತೋರಿಸುವುದೋ ಅಂಗೈಯೋ ಎಂದು ಗಲಿಬಿಲಿಯಾಗಿ ಎರಡನ್ನೂ ತೋರಿಸಿದಳು. "ಮಿಷನ್ ಮುರ್ದಾಕ್ಬಿಡ್ತೀಯ ನೀನು" ಎಂದು ಅವನು ದೀಪ ಆರಿಸಿದ. ಮೂರು ನಾಲ್ಕು ದಿನಗಳಲ್ಲಿ ಅಭ್ಯಾಸವಾಯಿತು. ಆದರೆ ಕೈಸನ್ನೆಗೆ ನಿಲುಕದ ಮಾತುಗಳೂ ಇದ್ದವು. ನನಗೇನಾದರೂ ಆದರೆ ಎಂದು ತೊಡಗುವ ಮಾತಿಗೆ ಕಾರ್ಖಾನೆಯಲ್ಲಿ ಯಾವ ಸನ್ನೆಯೂ ಇರಲಿಲ್ಲ. ಅಂಥವನ್ನು ಅವಳು ಹಗಲಿಗೆ ಎತ್ತಿಟ್ಟುಕೊಂಡಳು, ಹಗಲಾದಾಗ ಹೇಳಲಿಲ್ಲ.

ಮೊದಲ ವಾರ ಕಳೆದರೂ ಕೆಂಪು ಕಡಿಮೆಯಾದಂತೆ ಕಾಣಲಿಲ್ಲ. ಗೋಪಾಲಮ್ಮ ದಿನವೂ ಕನ್ನಡಿ ನೋಡುವುದನ್ನು ಬಿಡಲಾರದಾದಳು. ಬೆಳಿಗ್ಗೆ ನೋಡಿದ್ದು ಸಾಲದೆಂದು ಮಧ್ಯಾಹ್ನವೂ ನೋಡುವಳು. ಸೊಪ್ಪಿನ ಬುಟ್ಟಿಯ ಮುಂದೆ ಕುಳಿತಾಗ ನಾಲಗೆಯ ತುದಿಯಿಂದ ಅಂಗುಳನ್ನು ತಡವುವಳು. ಕೊತ್ತಂಬರಿ ಕೇಳಿದವರಿಗೆ ಮೆಂತ್ಯ ಕೊಟ್ಟದ್ದೂ ಆಯಿತು. ಕೊನೆಗೆ ಸರಳಾ ಕನ್ನಡಿಯನ್ನು ಬಚ್ಚಲಿನಿಂದ ತೆಗೆದು ತನ್ನ ಕೋಣೆಗೆ ಒಯ್ದಳು. "ದಿನಾ ನೋಡಿದ್ರೆ ಹಾಲು ಹೆಪ್ಪಾಗುತ್ತಾ ಅತ್ತೆ? ವಾರಕ್ಕೊಂದು ಸಲ ನಾನೇ ನೋಡಿ ಹೇಳ್ತೀನಿ. ಬಾಯಿ ತೆಗೀರಿ."

ಗೋಪಾಲಮ್ಮ ಹಿಂಜರಿದಳು, ಆಮೇಲೆ ಸೆಟ್ಟು ತೆಗೆದು ಕೈಯಲ್ಲಿ ಹಿಡಿದು ಸೊಸೆಯೆದುರು ಬಾಯಿ ತೆರೆದಳು. ಮೊಬೈಲಿನ ದೀಪ ಹಿಡಿದು ಸರಳಾ ನೋಡಿದ್ದು ನೋಡಿದ್ದೇ.

"ಏನ್ ಐತೆ? ಏಳು" ಎಂದಳು ಗೋಪಾಲಮ್ಮ, ತುಟಿಗಳು ಒಳಗೆ ಸರಿದು ಮಾತು ನೆಟ್ಟಗೆ ಹೊರಡದೆ.

"ಅಂಚಲ್ಲಿ ಕೆಂಪು ತಿಳಿಯಾಗಿದೆ ಅನ್ಸುತ್ತೆ. ಸುಳ್ಳು ಹೇಳ್ತಿಲ್ಲ. ನಡುವೆ ಹಾಗೇ ಇದೆ."

ನಡುವೆ ಹಾಗೇ ಇದೆ ಎಂಬುದಷ್ಟೇ ಗೋಪಾಲಮ್ಮನ ಮನಸ್ಸಿನಲ್ಲಿ ಉಳಿಯಿತು.

ಎರಡು ವಾರ ತುಂಬಿದ ಮೇಲೆ ಮೂವರೂ ಬಸ್ಸಿನಲ್ಲಿ ಯಲಹಂಕಕ್ಕೆ ಹೋದರು. ಕುರ್ಚಿ ಹಿಂದಕ್ಕೆ ವಾಲಿತು, ದೀಪ ಹತ್ತಿತು. ಈ ಸಲ ಗೋಪಾಲಮ್ಮ ಯಾರನ್ನೂ ಹೊರಗೆ ಕಳಿಸಲಿಲ್ಲ. ಡಾಕ್ಟರು ಒಂದು ಬೆರಳಿಗೆ ಹತ್ತಿ ಸುತ್ತಿಕೊಂಡು ಅಂಗುಳನ್ನು ಅಂಚಿನಿಂದ ನಡುವಿಗೆ ಒತ್ತುತ್ತ ಬಂದರು. ಅಷ್ಟು ಹೊತ್ತೂ ಗೋಪಾಲಮ್ಮ ಚಾವಣಿಯ ಫ್ಯಾನಿನ ರೆಕ್ಕೆಗಳನ್ನು ನೋಡುತ್ತ, ಅಕ್ಕನ ಹಸಿರು ಸೀರೆಯನ್ನು ಅಟ್ಟದ ಯಾವ ಪೆಟ್ಟಿಗೆಯಲ್ಲಿಟ್ಟೆ ಎಂದು ನೆನಪಿಸಿಕೊಳ್ಳಲು ಯತ್ನಿಸಿದಳು. ನೆನಪಾಗಲಿಲ್ಲ.

"ಮುಕ್ಕಾಲು ಪಾಲು ಹೋಗಿದೆ ಅಮ್ಮ" ಎಂದರು ಡಾಕ್ಟರು. "ನಡುವೆ ಒಂದು ರೂಪಾಯಿ ಅಗಲ ಉಳಿದಿದೆ. ಅದೂ ಮಾಸಿದೆ. ಬೇರೆ ಏನೋ ಆಗಿದ್ರೆ ಸೆಟ್ ತೆಗೆದಿಟ್ಟಿದ್ದಕ್ಕೆ ಹೀಗೆ ಇಳೀತಿರ್ಲಿಲ್ಲ. ಮಾಂಸ ತೆಗೆಯೋದು ಈಗ ಬೇಡ. ಮದ್ದು ಇನ್ನೊಂದು ವಾರ. ಕೆಂಪು ಪೂರ್ತಿ ಹೋದ ಮೇಲೂ ರಾತ್ರಿ ತೆಗೆಯೋದನ್ನ ಬಿಡ್ಬೇಡಿ. ಬಿಟ್ರೆ ಮತ್ತೆ ಬರುತ್ತೆ."

ಮುನಿಆಂಜಿನಪ್ಪ ಹೆಂಡತಿಯ ಮುಖ ನೋಡಿದ. ಸೆಟ್ಟು ಇನ್ನೂ ಡಾಕ್ಟರ ತಟ್ಟೆಯಲ್ಲಿತ್ತು. ಗೋಪಾಲಮ್ಮ ಕುರ್ಚಿಯಲ್ಲಿ ಒರಗಿದ್ದಂತೆಯೇ ಅವನಿಗೆ ಅಂಗೈ ತೋರಿಸಿದಳು. ಅವನು ಎದ್ದು ಬಂದು, ಅದನ್ನು ಸರಿಯಾಗಿ ನೋಡಿದೆನೋ ಇಲ್ಲವೋ ಎಂಬಂತೆ, ಆ ಅಂಗೈಯನ್ನು ಇನ್ನೊಮ್ಮೆ ನೋಡಿ, ಹೋಗಿ ಕುಳಿತ.

ಹಳೆಯ ಸೆಟ್ಟಿನಲ್ಲಿ ಗೀರುಗಳು ಬಹಳವಿದ್ದುದರಿಂದಲೂ ವಸಡು ಕರಗಿ ಅದು ಸಡಿಲವಾಗಿದ್ದುದರಿಂದಲೂ, ಊತ ಪೂರ್ತಿ ಇಳಿದ ಮೇಲೆ ಹೊಸದಕ್ಕೆ ಅಳತೆ ಕೊಡುವುದೆಂದು ಮಾತಾಯಿತು. ಹೊಗೆಸೊಪ್ಪು ಹಾಕುತ್ತಿದ್ದವರು ಆರು ತಿಂಗಳಿಗೊಮ್ಮೆ ಬಂದು ಬಾಯಿ ತೋರಿಸಲೇಬೇಕೆಂದು ಡಾಕ್ಟರು ಬರೆದುಕೊಟ್ಟರು. ಗೋಪಾಲಮ್ಮ ಅದಕ್ಕೆ ಊಂ ಎನ್ನಲಿಲ್ಲ; "ಬತ್ತೀನಿ" ಎಂದಳು. ಒಂದು ರೂಪಾಯಿ ಅಗಲದ ಕೆಂಪು ಮನಸ್ಸಿನಿಂದ ಹೋಗಿರಲಿಲ್ಲ. ಮನೆಗೆ ಬರುವ ದಾರಿಯಲ್ಲಿ ಎರಡು ಸಲ ನಾಲಗೆ ಅಲ್ಲಿಗೇ ಹೋಯಿತು. ಜುಲೈ ತಿಂಗಳ ಕೊನೆಯ ವಾರ ಸರಳಾ ಮೊಬೈಲಿನ ದೀಪ ಹಿಡಿದು ನೋಡಿ, ಏನೂ ಕಾಣುತ್ತಿಲ್ಲ ಎಂದಳು. ಗೋಪಾಲಮ್ಮ ಇನ್ನೊಮ್ಮೆ ನೋಡಲು ಹೇಳಿದಳು. ಸರಳಾ ನೋಡಿ, ಅದನ್ನೇ ಹೇಳಿದಳು.

ಈವರೆಗಿನ ಖರ್ಚು: ಡಾಕ್ಟರಿಗೆ ನಾಲ್ಕು ಭೇಟಿಗೆ ಸಾವಿರದ ಇನ್ನೂರು ರೂಪಾಯಿ. ಅಂಗುಳಿನ ಮದ್ದು ಮೂರು ಶೀಸೆ, ತುಟಿಯ ಮುಲಾಮು ಒಂದು, ಒಟ್ಟು ನಾನೂರ ಹತ್ತು. ರಕ್ತ ಪರೀಕ್ಷೆ ನೂರೈವತ್ತು. ಸೆಟ್ಟು ನೆನೆಹಾಕುವ ಮಾತ್ರೆ ಎರಡು ಪೊಟ್ಟಣ, ಮುನ್ನೂರ ಅರವತ್ತು. ಮೆತ್ತನೆಯ ಬ್ರಷ್ಷು ಐವತ್ತು, ಮುಚ್ಚಳದ ಡಬ್ಬಿ ಮೂವತ್ತು. ಹೆಬ್ಬಾಳದವರೆಗೆ ಹೋಗಿ ತಿರುಗಿ ಬಂದ ಆಟೋಗೆ ಐನೂರು. ಬಸ್ಸಿಗೆ ಹೆಂಗಸರಿಬ್ಬರಿಗೆ ಏನೂ ಇಲ್ಲ. ಮುನಿಆಂಜಿನಪ್ಪನದು ಹೋಗಿಬರಲು ಮೂವತ್ತು.